ಗೆದ್ದ ಆಟ ಬಿಟ್ಟು ಹೊಸ ಆಟ ಕಲಿತವರು

1/6
ಹೊಸ ಕೋಚ್ ಬಂದ ಮ್ಯಾಲೆ ಕುಂದಗೋಳದ ನಮ್ಮ ಹುಡುಗರ ಟೀಮ್ ಸಾಲಾಗಿ ಮೂರು ಮ್ಯಾಚ್ ಸೋತೇತಿ. "ಬಾಲ್ ಎತ್ತಿ ಹೊಡೀಬ್ಯಾಡ್ರಿ, ಹಿಂದಿನಿಂದ ಪಾಸ್ ಮಾಡ್ಕೋತ ಬರ್ರಿ" ಅಂತಾರ ಅವರು. ಗ್ರೂಪಿನ್ಯಾಗ ದಿನಾ ಒಂದ ಜಗಳ: ಹಳೇ ಆಟನ ಚಲೋ ಇತ್ತಲ್ಲ? ನಾನೂ ಹಂಗ ಅಂದವನ. ಅದಕ್ಕ ಈ ಸಲದ ಇತಿಹಾಸ ಸರಣಿಯಲ್ಲಿ ಕೋಟೆ, ಶಾಸನ ಬ್ಯಾಡ. ನಮ್ಮ ರಾಜ್ಯದ್ದ ಒಂದು ಫುಟ್ಬಾಲ್ ಕತಿ ನೋಡೂಣು.

2/6
ಬೆಂಗಳೂರು ಎಫ್‌ಸಿ ಶುರುವಾದದ್ದು 2013ರ ಜುಲೈನಲ್ಲಿ. ಮೊದಲ ಕೋಚ್ ಇಂಗ್ಲೆಂಡಿನ ಆಶ್ಲಿ ವೆಸ್ಟ್‌ವುಡ್. ಫಿಟ್ನೆಸ್, ಊಟದ ಶಿಸ್ತು, ನೇರ ಆಟ, ಕಾರ್ನರ್ ಮತ್ತು ಫ್ರೀ ಕಿಕ್ಕಿನ ತಯಾರಿ, ಇವು ಆತನ ಬಂಡವಾಳ. ಮೊದಲ ಸೀಸನ್ನಿಗೇ, ಅಂದ್ರ 2013–14ರಲ್ಲಿ, ಐ-ಲೀಗ್ ಗೆದ್ದರು. 2015ರ ಜನವರಿಯಲ್ಲಿ ಫೆಡರೇಷನ್ ಕಪ್. 2016ರ ಏಪ್ರಿಲ್‌ನಲ್ಲಿ ಮತ್ತೆ ಐ-ಲೀಗ್. ಮೂರು ವರ್ಷ, ಮೂರು ಟ್ರೋಫಿ. ಇಂಥ ಟೀಮಿಗೆ ಆಟ ಬದಲು ಮಾಡ್ರಿ ಅಂತ ಯಾರರ ಹೇಳ್ತಾರೇನು?

3/6
ಹೇಳಿದರು! ವೆಸ್ಟ್‌ವುಡ್ ಹೋದ ಮ್ಯಾಲೆ 2016ರ ಜುಲೈನಲ್ಲಿ ಸ್ಪೇನಿನ ಆಲ್ಬರ್ಟ್ ರೋಕಾ ಬಂದರು. ಬಾರ್ಸಿಲೋನಾದಲ್ಲಿ ಫ್ರಾಂಕ್ ರೈಕಾರ್ಡ್ ಕೈಕೆಳಗ ಸಹಾಯಕ ಕೋಚ್ ಆಗಿದ್ದವರು. ಬಾಲ್ ನಮ್ಮ ಕಾಲಾಗ ಇರಬೇಕು, ಗೋಲ್‌ಕೀಪರ್‌ನಿಂದನ ಆಟ ಕಟ್ಟಬೇಕು ಅನ್ನೋದು ಅವರ ಪಾಠ. ಮೊದಲು ಬಾಲ್ ಮುಂದ ಕಳಿಸಿ ಕೈ ತೊಳಕೊಳ್ತಿದ್ದ ಡಿಫೆಂಡರ್, ಈಗ ಎದುರಾಳಿ ಮೈಮ್ಯಾಲೆ ಬಂದರೂ ಪಾಸ್ ಹುಡುಕಬೇಕು. ಒಂದು ತಪ್ಪಿದರ ನೇರ ಗೋಲ್. ಸೋತ ಟೀಮು ಹೊಸದನ್ನ ಲಗೂನ ಒಪ್ಕೋತೈತಿ. ಗೆದ್ದ ಟೀಮಿಗೆ ಅದು ಭಾಳ ಕಷ್ಟ.

4/6
ಮೊದಲ ಪರೀಕ್ಷೆ ಎಎಫ್‌ಸಿ ಕಪ್. ಕ್ವಾರ್ಟರ್ ಫೈನಲ್‌ನಲ್ಲಿ ಸಿಂಗಾಪುರದ ಟ್ಯಾಂಪಿನ್ಸ್ ರೋವರ್ಸ್ ಮನೆಗೆ ಹೋಯ್ತು. ಸೆಮಿಫೈನಲ್‌ನಲ್ಲಿ ಹಿಂದಿನ ವರ್ಷದ ಚಾಂಪಿಯನ್, ಮಲೇಷ್ಯಾದ ಜೊಹೊರ್. ಅಲ್ಲಿ 1–1. 2016ರ ಅಕ್ಟೋಬರ್ 19ರಂದು ಕಂಠೀರವದಲ್ಲಿ 3–1, ಅದರಾಗ ಛೆಟ್ರಿ ಎರಡು ಗೋಲ್. ಭಾರತದ ಯಾವ ಕ್ಲಬ್ಬೂ ಮುಟ್ಟದ ಫೈನಲ್ ಮುಟ್ಟಿದರು. ನವೆಂಬರ್ 5ರಂದು ದೋಹಾದಲ್ಲಿ ಇರಾಕಿನ ವಾಯುಪಡೆ ಕ್ಲಬ್ ಎದುರು 0–1 ಸೋಲು.

ಇದೆಲ್ಲ ರೋಕಾ ಒಬ್ಬರದ ಪುಣ್ಯ ಅನ್ನಬ್ಯಾಡ್ರಿ. ಗುಂಪು ಹಂತ, ಹದಿನಾರರ ಘಟ್ಟ ದಾಟಿಸಿದ್ದು ವೆಸ್ಟ್‌ವುಡ್. ಹಳೇ ಗಟ್ಟಿತನದ ಮ್ಯಾಲೆ ಹೊಸ ಪಾಠ ಕುಂತಿತ್ತು.

5/6
ಆಮ್ಯಾಲೆ ಪೆಟ್ಟು ಬಿತ್ತು. 2016–17ರ ಐ-ಲೀಗ್‌ನಲ್ಲಿ ಚಾಂಪಿಯನ್ ಆಗಿದ್ದವರು ನಾಲ್ಕನೇ ಸ್ಥಾನಕ್ಕಿಳಿದರು. ಕಪ್ ಐಜಾಲ್ ಪಾಲಾಯ್ತು. ಆದರೂ ಕ್ಲಬ್ ಕೋಚನ್ನ ಬಿಡಲಿಲ್ಲ, ಕೋಚ್ ಆಟ ಬಿಡಲಿಲ್ಲ. 2017ರ ಮೇನಲ್ಲಿ ಕಟಕ್‌ನಲ್ಲಿ ಮೋಹನ್ ಬಗಾನ್ ವಿರುದ್ಧ 2–0, ಫೆಡರೇಷನ್ ಕಪ್ ಬಂತು. ಮುಂದಿನ ಸೀಸನ್ ಐಎಸ್ಎಲ್‌ಗೆ ಹೋಗಿ 40 ಅಂಕದೊಂದಿಗೆ ಲೀಗ್ ಪಟ್ಟಿಯ ತುದಿಗೆ ನಿಂತರು. ಮಿಕುನಂಥ ಹೊಸ ಆಟಗಾರರೂ ಬಂದಿದ್ದರು, ಅದನ್ನೂ ಲೆಕ್ಕಕ್ಕ ಹಿಡೀಬೇಕು. ಫೈನಲ್ ಮಾತ್ರ ಚೆನ್ನೈಯಿನ್ ಎದುರು 2–3.

ರೋಕಾ ಹೋದರು. ಈ ಸಲ ಕ್ಲಬ್ ಮತ್ತ ಮೊದಲಿಂದ ಶುರು ಮಾಡಲಿಲ್ಲ. ಅವರ ಸಹಾಯಕ ಕಾರ್ಲೆಸ್ ಕ್ವಾದ್ರಾತ್ ಅವರನ್ನೇ ಕೋಚ್ ಮಾಡಿತು. 2019ರ ಮಾರ್ಚ್ 17, ಮುಂಬೈ: ಗೋವಾ ವಿರುದ್ಧ 117ನೇ ನಿಮಿಷಕ್ಕ ರಾಹುಲ್ ಭೇಕೆ ಹೆಡರ್. ಐಎಸ್ಎಲ್ ಕಪ್ ಬೆಂಗಳೂರಿಗೆ. ಪಾಸ್ ಕಲಿತ ಟೀಮು ಕಪ್ ಗೆದ್ದದ್ದು ಕಾರ್ನರ್‌ನಿಂದ ಬಂದ ಬಾಲಿಗೆ ತಲಿ ಕೊಟ್ಟು! ಹಳೇದು ಪೂರಾ ಹೋಗಿರಲಿಲ್ಲ ನೋಡ್ರಿ.

6/6
ನಮ್ಮೂರಿಗೂ ಈ ಕತಿ ಹೊಸದಲ್ಲ. ಗ್ವಾಲಿಯರ್, ಜಲಂಧರ್ ಅಂತ ಅಲೆದು ಬಂದ ಭೀಮಸೇನ ಜೋಶಿ 1930ರ ದಶಕದಲ್ಲಿ ಇಲ್ಲೇ ಸವಾಯಿ ಗಂಧರ್ವರ ಮುಂದ ಕುಂತು ಮತ್ತ ಸ್ವರದಿಂದ ಶುರು ಮಾಡಿದರು. ವರ್ಷಗಟ್ಟಲೆ ತೋಡಿ, ಮುಲ್ತಾನಿ, ಪೂರಿಯಾ ಅಷ್ಟ ತಿದ್ದಿದರು. ಬಂದದ್ದನ್ನ ಬದಿಗಿಟ್ಟು ಮತ್ತ ಎಡವೋದಕ್ಕ ಧೈರ್ಯ ಬೇಕು.

ಬೆಂಗಳೂರಿನವರಿಗೆ ಹೊಸ ಆಟ ಮೈಗೂಡಾಕ ಒಂದು ಸೀಸನ್ ಹಿಡೀತು. ನಮ್ಮದು ಬರೇ ಮೂರು ಮ್ಯಾಚ್. ರವಿವಾರ ಮುಂಜಾನೆ ನಾನಂತೂ ಪಾಸ್ ಪ್ರಾಕ್ಟೀಸಿಗೆ ಹೊಂಟೀನಿ. ನೀವು? ಕೆಳಗ ಬರೀರಿ.

#ಕುಂದಗೋಳ #ನಮ್ಮಇತಿಹಾಸ #ಫುಟ್ಬಾಲ್