ಮೀನುಗಾರರ ಸಹಕಾರ ಸಂಘಗಳು (ಕರ್ನಾಟಕ)

ಸಣ್ಣ ಬಂಡವಾಳದ ಮೀನುಗಾರರು ಸಾಲ, ಬಲೆ, ಮಂಜುಗಡ್ಡೆ, ಮಾರಾಟಕ್ಕಾಗಿ ಕಟ್ಟಿಕೊಂಡ ಸಂಘಗಳು. ಭಾರತದಲ್ಲಿ ಇವುಗಳ ಆರಂಭ 1913ರಲ್ಲಿ, ಮುಂಬಯಿ ಪ್ರಾಂತ್ಯದ ರತ್ನಾಗಿರಿ ಕರಾವಳಿಯಲ್ಲಿ. ಉತ್ತರ ಕನ್ನಡ ಆಗ ಅದೇ ಪ್ರಾಂತ್ಯಕ್ಕೆ ಸೇರಿತ್ತು. ದಕ್ಷಿಣ ಕನ್ನಡ ಮದರಾಸಿಗೆ, ಒಳನಾಡಿನ ಕೊಪ್ಪಳ, ಗಂಗಾವತಿ ಹೈದರಾಬಾದ್ ಸಂಸ್ಥಾನಕ್ಕೆ. ಏಕೀಕರಣದ ನಂತರ, 1959ರ ಸಹಕಾರ ಸಂಘಗಳ ಕಾಯ್ದೆಯಿಂದ ಇವೆಲ್ಲಕ್ಕೂ ಒಂದೇ ಕಾನೂನು ಬಂತು.

ಕೂಡಿ ದುಡಿಯುವುದನ್ನು ಕರಾವಳಿಯವರು ಕಾಯ್ದೆಯಿಂದ ಕಲಿಯಲಿಲ್ಲ. ಬಂಗುಡೆ, ಭೂತಾಯಿಯ ಹಿಂಡು ದಡದ ಹತ್ತಿರ ಕಂಡರೆ ದೋಣಿಯಲ್ಲಿ ರಂಪಣಿ ಬಲೆ ಒಯ್ದು ಅರ್ಧಚಂದ್ರಾಕಾರವಾಗಿ ಬಿಡುತ್ತಿದ್ದರು. ಎರಡೂ ತುದಿಯ ಹಗ್ಗ ಹಿಡಿದು ಹತ್ತಾರು ಜನ ಮರಳಿನ ಮೇಲೆ ನಿಂತು ಎಳೆಯುತ್ತಿದ್ದರು. ಬಲೆ, ದೋಣಿಯ ಪಾಲು ತೆಗೆದಿಟ್ಟು ಉಳಿದದ್ದನ್ನು ಹಂಚಿಕೊಳ್ಳುವುದು ವಾಡಿಕೆ. ಆದರೆ ಸಿಕ್ಕ ಮೀನು ಸಂಜೆಯೊಳಗೆ ಮಾರಾಟವಾಗಬೇಕು. ಮುಂಗಡ ಕೊಟ್ಟ ದಲ್ಲಾಳಿಯೇ ದರ ಹೇಳುತ್ತಿದ್ದ. ಸಂಘಗಳು ಕೈಹಾಕಬೇಕಾಗಿದ್ದುದು ಈ ಗಂಟಿಗೆ.

1970ರ ದಶಕದಲ್ಲಿ ಹಿಂಡನ್ನೇ ಸುತ್ತುವರಿಯುವ ಬಲೆಯ ಯಾಂತ್ರಿಕ ಪರ್ಸಿನ್ ಬೋಟುಗಳು ಬಂದು, ಮೀನಿನ ಹಿಂಡು ದಡ ಮುಟ್ಟುವ ಮೊದಲೇ ಬಲೆಗೆ ಬೀಳತೊಡಗಿತು. ರಂಪಣಿಯವರು ಬೀದಿಗಿಳಿದರು, ಕೆಲವರು ಪಾಲು ಸೇರಿಸಿ ತಾವೇ ಬೋಟು ಕೊಂಡರು. ರಾಷ್ಟ್ರೀಯ ಸಹಕಾರ ಅಭಿವೃದ್ಧಿ ನಿಗಮವೂ 1974ರಿಂದ ಮೀನುಗಾರಿಕೆಗೆ ನೆರವು ನೀಡತೊಡಗಿತ್ತು. ಆದರೆ ಅಡಮಾನವಿಡಲು ಏನೂ ಇಲ್ಲದ ಬಲೆ ಎಳೆಯುವವನಿಗೆ ಬೋಟಿನ ಸಾಲ ದೂರವೇ ಉಳಿಯಿತು. ಸಂಘಗಳ ಬಂಕುಗಳಲ್ಲಿ ಸಿಗುವ ಕರರಹಿತ ಡೀಸೆಲ್‌ನ ಹೆಚ್ಚಿನ ಲಾಭವೂ ಯಾಂತ್ರಿಕ ಬೋಟಿನವರಿಗೇ. ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರಿದ ಹೆಂಗಸರನ್ನು ಈ ಸಂಘಗಳು ಬಹುಕಾಲ ಸದಸ್ಯರೆಂದೇ ಎಣಿಸಲಿಲ್ಲ. ಇದು ದೊಡ್ಡ ಲೋಪ. ನಾಡದೋಣಿಯವರಿಗೆ ನಿಜವಾಗಿ ದಕ್ಕಿದ್ದು ಮೀನುಗಾರಿಕೆ ಇಲ್ಲದ ತಿಂಗಳುಗಳಿಗಾಗಿ ಇರುವ ಉಳಿತಾಯ-ಪರಿಹಾರ ಯೋಜನೆ ಮತ್ತು ಅಪಘಾತ ವಿಮೆ.

ಮೀನಿನ ದರ ಯಾರು ಹೇಳಬೇಕೆಂಬ ಪ್ರಶ್ನೆ ಒಳನಾಡಿನಲ್ಲಿ ಬೇರೆ ರೂಪದಲ್ಲಿ ಎದುರಾಯಿತು. 1953ರಲ್ಲಿ ತುಂಗಭದ್ರಾ ಜಲಾಶಯದಲ್ಲಿ ನೀರು ನಿಂತಾಗ ನದಿಯಲ್ಲಿ ಹರಿಗೋಲು ಹಾಕುತ್ತಿದ್ದ ಬೆಸ್ತರು, ಅಂಬಿಗರಿಗೆ ಸುಮಾರು 378 ಚದರ ಕಿ.ಮೀ. ಹರಡಿದ ಹೊಸ ನೀರು ಸಿಕ್ಕಿತು. ಆದರೆ ಅದರ ಮೀನಿನ ಹಕ್ಕು ತುಂಗಭದ್ರಾ ಮಂಡಳಿಯದು. ಕೆರೆಗಳ ಗುತ್ತಿಗೆಯಲ್ಲಿ ಸ್ಥಳೀಯ ಮೀನುಗಾರರ ಸಹಕಾರ ಸಂಘಗಳಿಗೆ ಸರ್ಕಾರ ಆದ್ಯತೆ ಕೊಟ್ಟಿದೆ. ಮೀನುಮರಿ ಬಿಡುವುದಕ್ಕೂ ಕಾವಲಿಗೂ ಸಂಘದ ಬಳಿ ಹಣವಿಲ್ಲದಿದ್ದರೆ ಹೊರಗಿನ ವ್ಯಾಪಾರಿ ಹಣ ಹೂಡುತ್ತಾನೆ. ಆಗ ಗುತ್ತಿಗೆ ಪತ್ರದಲ್ಲಿ ಸಂಘದ ಹೆಸರಿದ್ದರೂ ಮೀನಿನ ದರ ನಿಶ್ಚಯಿಸುವವನು ವ್ಯಾಪಾರಿಯೇ.