ಅಂತರಜಾಲದಲ್ಲಿ ಛಾಯಾಚಿತ್ರಗಳ ಬಳಕೆ: ಛಾಯಾಗ್ರಾಹಕರ ಹೆಸರಿನ ಉಲ್ಲೇಖ

ಕೃತಿಸ್ವಾಮ್ಯ ಅಧಿನಿಯಮ, 1957ರ ಮೇರೆಗೆ ಛಾಯಾಚಿತ್ರವು ಕಲಾಕೃತಿಯಾಗಿದ್ದು, ಅದನ್ನು ತೆಗೆದ ವ್ಯಕ್ತಿಯೇ ಅದರ ಕರ್ತೃವಾಗಿರುತ್ತಾರೆ. ಕೃತಿಸ್ವಾಮ್ಯಕ್ಕೆ ನೋಂದಣಿ ಕಡ್ಡಾಯವಲ್ಲ.

ಹಣ ನೀಡಿ ತೆಗೆಸಿದ ಮದುವೆ ಮುಂತಾದ ಚಿತ್ರಗಳ ಕೃತಿಸ್ವಾಮ್ಯವು, ಬೇರೆ ಕರಾರು ಇಲ್ಲದಿದ್ದಲ್ಲಿ, ತೆಗೆಸಿದವರಿಗೆ ಸೇರುತ್ತದೆ. ಆದರೂ ಪ್ರಕರಣ 57ರನ್ವಯ ಕರ್ತೃತ್ವವನ್ನು ಪ್ರತಿಪಾದಿಸುವ ಹಕ್ಕು ಛಾಯಾಗ್ರಾಹಕರಲ್ಲಿಯೇ ಉಳಿಯುತ್ತದೆ.

ಇತರರ ಚಿತ್ರಗಳನ್ನು ಅಂತರಜಾಲದಲ್ಲಿ ಪ್ರಕಟಿಸುವವರು ಗಮನಿಸತಕ್ಕ ಅಂಶಗಳು:

1. ಕೃತಿಸ್ವಾಮ್ಯ ಹೊಂದಿದವರಿಂದ ಮುಂಚಿತವಾಗಿ ಲಿಖಿತ ಅನುಮತಿ ಪಡೆಯುವುದು.
2. ಚಿತ್ರದ ಕೆಳಗೆ ಛಾಯಾಗ್ರಾಹಕರ ಹೆಸರನ್ನು ನಮೂದಿಸುವುದು. ‘ಕೃಪೆ: ಅಂತರಜಾಲ’ ಎಂದು ಬರೆದರೆ ಸಾಲದು.
3. ಚಿತ್ರದ ಮೇಲಿರುವ ಹೆಸರನ್ನು ಅಳಿಸದಿರುವುದು.

ಹೆಸರು ನಮೂದಿಸಿದ ಮಾತ್ರಕ್ಕೆ ಅನುಮತಿ ದೊರೆತಂತಾಗುವುದಿಲ್ಲ. 2012ರ ತಿದ್ದುಪಡಿಯ ನಂತರ ಛಾಯಾಚಿತ್ರದ ಕೃತಿಸ್ವಾಮ್ಯವು ಕರ್ತೃವಿನ ಜೀವಿತಾವಧಿ ಹಾಗೂ ತದನಂತರದ 60 ವರ್ಷಗಳವರೆಗೆ ಜಾರಿಯಲ್ಲಿರುತ್ತದೆ.