ವಿಧೇಯತೆ ಉಳಿಸಿದ ಚಿತ್ರಗಳು

1912ರ ಏಪ್ರಿಲ್ 10ರಂದು ಇಂಗ್ಲೆಂಡಿನ ಸೌತಾಂಪ್ಟನ್ ಬಂದರಿನಿಂದ ಹೊರಟ ‘ಟೈಟಾನಿಕ್’ ಹಡಗಿನಲ್ಲಿ ಯೇಸುಸಭೆಯ ಐರಿಷ್ ವಿದ್ಯಾರ್ಥಿ ಫ್ರಾನ್ಸಿಸ್ ಬ್ರೌನ್ ಇದ್ದರು. ಐರ್ಲೆಂಡಿನ ಕ್ವೀನ್ಸ್‌ಟೌನ್‌ವರೆಗಿನ ಆ ಪ್ರಯಾಣವೂ ಅವರ ಪ್ರಥಮ ಕ್ಯಾಮರಾವೂ ತಂದೆಯ ಸಹೋದರರಾದ ಕ್ಲಾಯ್ನ್ ಧರ್ಮಾಧ್ಯಕ್ಷ ರಾಬರ್ಟ್ ಬ್ರೌನರ ಕೊಡುಗೆಗಳು.

ಬುಗುರಿಯಾಡುವ ಬಾಲಕ, ವ್ಯಾಯಾಮಶಾಲೆ, ನಿಸ್ತಂತು ಕೊಠಡಿ – ಎಲ್ಲವನ್ನೂ ಅವರು ಸೆರೆಹಿಡಿದರು. ಆ ಹಡಗಿನ ನಿಸ್ತಂತು ಕೊಠಡಿಯ ಚಿತ್ರವಾಗಿ ನಮಗೆ ದೊರೆತಿರುವುದು ಅದೊಂದೇ.

ಸಹಪ್ರಯಾಣಿಕರಾದ ಅಮೆರಿಕದ ದಂಪತಿಗಳು ನ್ಯೂಯಾರ್ಕಿನವರೆಗಿನ ವೆಚ್ಚ ಭರಿಸಲು ಮುಂದಾದರು. ಬ್ರೌನರು ತಂತಿಯ ಮೂಲಕ ಅನುಮತಿ ಬೇಡಿದರು. ಹಡಗಿನಿಂದ ಇಳಿಯಬೇಕೆಂದು ಪ್ರಾಂತ್ಯಾಧಿಕಾರಿಗಳ ಕಟ್ಟಪ್ಪಣೆ ಬಂದಿತು. ಏಪ್ರಿಲ್ 11ರಂದು ಅವರು ಕ್ವೀನ್ಸ್‌ಟೌನ್‌ನಲ್ಲಿ ಇಳಿದರು. 15ರ ಮುಂಜಾವದಲ್ಲಿ ಹಡಗು ಮುಳುಗಿ ಸುಮಾರು 1,500 ಮಂದಿ ಮಡಿದರು. ವಿಧೇಯತೆಯು ಅವರ ಪ್ರಾಣದೊಡನೆ ಆ ಚಿತ್ರಗಳನ್ನೂ ಉಳಿಸಿತು.

1915ರಲ್ಲಿ ಗುರುದೀಕ್ಷೆ ಪಡೆದ ಬ್ರೌನರು ಪ್ರಥಮ ಮಹಾಯುದ್ಧದಲ್ಲಿ ಸೈನಿಕರ ಆಧ್ಯಾತ್ಮಿಕ ಸೇವೆಗೈದು, 1960ರಲ್ಲಿ ದೈವಾಧೀನರಾದರು. ಅವರ ಜೀವಮಾನದ ಸುಮಾರು 42,000 ನೆಗೆಟಿವ್‌ಗಳು ಪೆಟ್ಟಿಗೆಯೊಂದರಲ್ಲಿ ಮರೆತುಹೋಗಿ, 1980ರ ದಶಕದಲ್ಲಿ ಫಾದರ್ ಎಡ್ವರ್ಡ್ ಒ’ಡೊನೆಲ್‌ರ ಕಣ್ಣಿಗೆ ಬಿದ್ದವು.

ನಮ್ಮ ಮನೆಗಳ ಹಳೆಯ ಪೆಟ್ಟಿಗೆಗಳಲ್ಲಿಯೂ ಈ ದೇವಾಲಯದ ಚಿತ್ರಗಳು ಅಡಗಿರಬಹುದು. ಗೆದ್ದಲು ಹಿಡಿಯುವ ಮುನ್ನ ಅವನ್ನು ಹೊರತೆಗೆಯೋಣ.